ಸಿಲ್ಕ್ ಬೋರ್ಡಿಗೊಂದು ಟರ್ಬೊ

ದಿನವೂ ಆಫೀಸಿಗೆ ಹೋಗಿಬರುವ ಕಾರಿಗೆ ದೊಡ್ಡ ಟರ್ಬೊ ಹಾಕಿಸುವ ಆಸೆ ಬೆಂಗಳೂರಿನಂಥ ಊರಿನಲ್ಲೇ ಹೆಚ್ಚಾಗಿ ಹುಟ್ಟುವುದು ನನಗೆ ಮೊದಲಿಂದಲೂ ವಿಚಿತ್ರವಾಗಿ ಕಂಡಿದೆ. ಆಸೆಯ ಮೇಲೆ ನನ್ನ ತಕರಾರಿಲ್ಲ, ಟರ್ಬೊ ಆರಿಸುವ ಕ್ರಮದ ಮೇಲಿದೆ. ಟ್ಯೂನಿಂಗ್ ಅಂಗಡಿಯವರು ಕಾರನ್ನು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಓಡಿಸಿ ಕೈಗಿಡುವ ಕಾಗದದಲ್ಲಿ ಎಲ್ಲರ ಕಣ್ಣೂ ಬೀಳುವುದು ಗೆರೆಯ ನೆತ್ತಿಯ ಮೇಲೆ. ಇಷ್ಟು ಹಾರ್ಸ್‌ಪವರ್, ಇಷ್ಟು ಆರ್‌ಪಿಎಂಗೆ ಎಂದು ಅಲ್ಲಿ ಬರೆದಿರುತ್ತದೆ. ಮೊದಲ ಅಂಕಿಯನ್ನು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗುವವರು ಎರಡನೆಯದನ್ನು ಓದುವ ಗೋಜಿಗೇ ಹೋಗುವುದಿಲ್ಲ. ಐದೂವರೆ ಸಾವಿರ ಆರ್‌ಪಿಎಂನಲ್ಲಿ ಸಿಗುವ ಕುದುರೆಗಳು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಸಾವಿರದಲ್ಲಿ ತೆವಳುವವನ ಪಾಲಿಗೆ ಲಾಯದಲ್ಲೇ ಮಲಗಿರುತ್ತವೆ. ಮೇವಿನ ಖರ್ಚು ಮಾತ್ರ ತಪ್ಪುವುದಿಲ್ಲ.

ಟರ್ಬೊ ಮಾಡುವ ಕೆಲಸ ಸರಳ. ಹೇಗೂ ಆಚೆ ಹೋಗಲಿರುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿಕೊಂಡು, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಆ ಚಕ್ರ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗಬೇಕು, ಅದಕ್ಕೆ ತಕ್ಕಷ್ಟು ಹೊಗೆ ಬೇಕು. ಎಂಜಿನ್ ನಿಧಾನವಾಗಿದ್ದಾಗ ಹೊಗೆಯೂ ಕಡಿಮೆ. ಇಲ್ಲಿ ಒಂದು ಕ್ರೂರ ಲೆಕ್ಕವಿದೆ: ಅದೇ ಆಕಾರದ, ಅದೇ ಲೋಹದ ಚಕ್ರದ ವ್ಯಾಸವನ್ನು ಶೇ. 10 ಹೆಚ್ಚಿಸಿದರೆ ಅದರ ಜಡತ್ವ ಶೇ. 60ರಷ್ಟು ಹೆಚ್ಚುತ್ತದೆ, ಏಕೆಂದರೆ ಅದು ವ್ಯಾಸದ ಐದನೆಯ ಘಾತವನ್ನು ಅನುಸರಿಸುತ್ತದೆ. ‘ಸ್ವಲ್ಪವೇ ದೊಡ್ಡದು ಸಾರ್’ ಎಂದು ಅಂಗಡಿಯವರು ಹೇಳುವಾಗ ಈ ಐದನೆಯ ಘಾತ ಅವರ ಬಾಯಿಗೆ ಬರುವುದಿಲ್ಲ. ಸಾಲದ್ದಕ್ಕೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಶೇ. 10 ತೆಳು. ಟರ್ಬೊ ಏಳುವ ತನಕ ಎಂಜಿನ್ ಆ ತೆಳುಗಾಳಿಯಲ್ಲೇ ಏದುಸಿರು ಬಿಡಬೇಕು. ಕೊನೆಗೆ ಬೂಸ್ಟ್ ಬರುತ್ತದೆ, ಮುಂದಿನ ಕಾರಿನ ಬ್ರೇಕ್ ಲೈಟ್ ಹೊತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ.

ಕಾರು ತಯಾರಕರು ಈ ಪಾಠವನ್ನು ಕಷ್ಟಪಟ್ಟೇ ಕಲಿತರು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊದೊಂದಿಗೆ ಬಂತು. ಅದರ ಎಂಜಿನ್ ಬಡಿಯದಂತೆ ನೀರು-ಮೆಥನಾಲ್ ಬೆರೆಸಿದ ದ್ರವವನ್ನು ಬೇರೊಂದು ತೊಟ್ಟಿಗೆ ತುಂಬುತ್ತಿರಬೇಕಿತ್ತು. ದಿನಬಳಕೆಯ ಜನ ಮರೆತರು. ಮರೆಯದಿದ್ದರೆ ಅವರು ದಿನಬಳಕೆಯ ಜನ ಹೇಗಾದಾರು? ಕಡೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಿತ್ತು ಸಾಧಾರಣ ಕಾರ್ಬ್ಯುರೇಟರ್ ಕೂರಿಸಲಾಯಿತು. ಸ್ವೀಡನ್ನಿನ ಸಾಬ್ 1970ರ ದಶಕದ ಕೊನೆಯಲ್ಲಿ 99 ಟರ್ಬೊ ತಂದಾಗ ಚಿಕ್ಕ ಟರ್ಬೊ ಆರಿಸಿ, ಹೆಚ್ಚಾದ ಹೊಗೆಯನ್ನು ಚಕ್ರಕ್ಕೆ ತಾಗಿಸದೆ ವೇಸ್ಟ್‌ಗೇಟ್ ಎಂಬ ಕವಾಟದ ಮೂಲಕ ಹೊರಬಿಟ್ಟಿತು. ಅಷ್ಟು ದೂರವೇಕೆ, ನಮ್ಮ ರಸ್ತೆಯಲ್ಲೇ ಸಾಕ್ಷಿ ಓಡಾಡುತ್ತಿದೆ. ಮಾರುತಿಯ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲಿ ಸಾದಾ ಟರ್ಬೊದೊಂದಿಗೆ 75 ಹಾರ್ಸ್‌ಪವರ್ ಕೊಟ್ಟರೆ, ಎರ್ಟಿಗಾದಲ್ಲಿ ರೆಕ್ಕೆ ಹೊರಳಿಸುವ ವಿಜಿಟಿ ಟರ್ಬೊದೊಂದಿಗೆ 90 ಕೊಟ್ಟಿತು. ಜನ ಆಡಿಕೊಂಡದ್ದು ಆ ಹದಿನೈದನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಗರಿಷ್ಠ ಟಾರ್ಕ್ 2,000 ಆರ್‌ಪಿಎಂನಿಂದ 1,750ಕ್ಕೆ ಇಳಿದದ್ದು. ಆ 250 ಆರ್‌ಪಿಎಂ ಎಂದರೆ ಸಿಗ್ನಲ್ ಹಸಿರಾದಾಗ ಹಿಂದಿನವನ ಹಾರ್ನ್ ಕೇಳುವ ಮೊದಲೇ ಹೊರಡುವ ಭಾಗ್ಯ.

ವಾರಾಂತ್ಯದ ಹೈವೇಗಾದರೂ ದೊಡ್ಡದು ಬೇಡವೇ ಎನ್ನುವವರಿದ್ದಾರೆ. ಸಮತಟ್ಟು ರಸ್ತೆಯಲ್ಲಿ ಚಿಕ್ಕ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಾಗಲು ಇಪ್ಪತ್ತೈದು ಹಾರ್ಸ್‌ಪವರ್ ಸಾಕು, ಮೈಸೂರು ಹೆದ್ದಾರಿಯಲ್ಲಿ ಅದಕ್ಕಿಂತ ಜೋರಾಗಿ ಹೋದರೆ ಕ್ಯಾಮೆರಾ ಕಾದಿರುತ್ತದೆ. ಓವರ್‌ಟೇಕ್ ಮಾಡುವಾಗ ಹೆಚ್ಚು ಬೇಕು, ಒಪ್ಪುತ್ತೇನೆ. ಆದರೆ ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದಿನಿಂದ ಹೊರಬಂದವನಿಗೆ ಬೇಕಾದದ್ದು ಆ ಕ್ಷಣದ ಬಲ. ಎದುರಿಂದ ಬರುವ ಬಸ್ಸು ಟರ್ಬೊ ಏಳಲಿ ಎಂದು ಕಾಯುವುದಿಲ್ಲ. ಬಾಲ್ ಬೇರಿಂಗ್ ಟರ್ಬೊ ಹಾಕಿಸಿದರೆ ದೊಡ್ಡದೂ ಬೇಗ ಏಳುತ್ತದೆ ಎಂಬ ವಾದ ಇದಕ್ಕಿಂತ ಗಟ್ಟಿಯಾದದ್ದು. ಅದು ಅರ್ಧ ನಿಜ. ಬೇರಿಂಗ್ ಘರ್ಷಣೆಯನ್ನು ತಗ್ಗಿಸುತ್ತದೆ, ಚಕ್ರದ ತೂಕವನ್ನಲ್ಲ. ಬೆಲೆಯನ್ನಂತೂ ಖಂಡಿತ ತಗ್ಗಿಸುವುದಿಲ್ಲ. ಇನ್ನು ‘ಎಲ್ಲಕ್ಕೂ ಲೆಕ್ಕ ಹಾಕಬಾರದು, ಖುಷಿಗೆ ಹಾಕಿಸುವುದು’ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ಅಂಥವರು ಟರ್ಬೊ ಜೊತೆಗೆ ಕ್ಲಚ್, ಇಂಟರ್‌ಕೂಲರ್, ಇಂಜೆಕ್ಟರ್, ಎಂಜಿನ್ ಕಂಪ್ಯೂಟರಿಗೆ ಮತ್ತೊಂದು ಮ್ಯಾಪ್ ಇವೆಲ್ಲಕ್ಕೂ ಖುಷಿಯಿಂದಲೇ ದುಡ್ಡು ಎಣಿಸಲಿ.

ಹಾಗಾಗಿ ಅಂಗಡಿಗೆ ಹೋಗುವವರು ‘ಎಷ್ಟು ಹಾರ್ಸ್‌ಪವರ್ ಬರುತ್ತೆ?’ ಎಂದು ಕೇಳಬೇಡಿ. ‘ಎರಡು ಸಾವಿರದೊಳಗೆ ಏನು ಬರುತ್ತೆ?’ ಎಂದು ಕೇಳಿ. ಅದಕ್ಕೂ ಮೊದಲು ಇರುವ ಟರ್ಬೊದ ಹೋಸುಗಳಲ್ಲಿ ಬಿರುಕಿದೆಯೇ, ವಿಜಿಟಿ ರೆಕ್ಕೆಗಳು ಮಸಿ ಹಿಡಿದು ಅಂಟಿವೆಯೇ ಎಂದು ಯಾರಾದರೂ ಒಳ್ಳೆಯ ಮೆಕ್ಯಾನಿಕ್ ಕೈಲಿ ನೋಡಿಸಿ. ಕಳೆದುಹೋದ ಕುದುರೆಗಳು ಎಷ್ಟೋ ಸಲ ಅಲ್ಲೇ ಸಿಗುತ್ತವೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳನ್ನು ಬದಲಿಸುವುದಕ್ಕೆ ಕಡಿವಾಣ ಹಾಕಿದೆ. ಬಿಚ್ಚುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ವಿಚಾರಿಸಿ. ಇಷ್ಟಾದ ಮೇಲೂ ಹಾಕಿಸಲೇಬೇಕಿದ್ದರೆ, ತೋರಿಸಿದವುಗಳಲ್ಲಿ ಅತಿ ಚಿಕ್ಕದನ್ನು ಆರಿಸಿ.