ಸೀರೆಯ ಬಣ್ಣ, ಫೋನಿನ ಬಣ್ಣ

“ಫೋಟೊದಲ್ಲಿ ಕಂಡಿದ್ದೇ ಒಂದು, ಮನೆಗೆ ಬಂದ ಸೀರೆಯೇ ಒಂದು. ತಿದ್ದಿ ತೀಡಿ ಕಳಿಸ್ತಾರೆ ಕಣಮ್ಮ” ಅಂತ ಪಕ್ಕದ ಮನೆ ಅಕ್ಕ ಕಾಂಪೌಂಡಿನ ಆಚೆಯಿಂದ ಫೋನು ಚಾಚಿದರು. ದೊಡ್ಡಬಳ್ಳಾಪುರದಲ್ಲೇ ಇದ್ದುಕೊಂಡು, ಕಿವಿಗೆ ಮಗ್ಗದ ಸದ್ದು ಬೀಳುತ್ತಿರುವಾಗ, ಸೀರೆಯನ್ನು ಫೋನಿನಲ್ಲಿ ನೋಡಿ ಆರಿಸೋ ಕಾಲ ಬಂತಲ್ಲ ಅಂತ ನಮ್ಮತ್ತೆ ಒಳಗಿಂದಲೇ ಅಂದರು. ಆದರೆ ನೇಯುವವರಿಗೆ ಇದರಿಂದ ಒಳ್ಳೆಯದೂ ಆಗಿದೆ. ಬೆಳಿಗ್ಗೆ ಮಗ್ಗದಿಂದ ಇಳಿದ ಸೀರೆಯನ್ನು ಮಧ್ಯಾಹ್ನದೊಳಗೆ ಹುಬ್ಬಳ್ಳಿಯವರೂ ನೋಡಬಹುದು, ಅಮೆರಿಕದಲ್ಲಿರೋ ಮಗಳೂ ನೋಡಬಹುದು. ಕೈಯಲ್ಲಿ ಮುಟ್ಟಿ ನೋಡೋಕೆ ಆಗದವರಿಗೆ ಆ ಫೋಟೊನೇ ಸೀರೆ. ಅದಕ್ಕೇ ಬಣ್ಣದ ಮಾತು ಸಣ್ಣದಲ್ಲ.

ಅಕ್ಕ “ತಿದ್ದಿ ಕಳಿಸ್ತಾರೆ” ಅಂತ ಬೈದರಲ್ಲ, ತಿದ್ದದ ಫೋಟೊ ಅಂತ ಇಲ್ಲವೇ ಇಲ್ಲ. ಫೋನಿನ ಸೆನ್ಸರಿಗೆ ಬೆಳಕು ಎಷ್ಟು ಬಿತ್ತು ಅನ್ನೋದಷ್ಟೇ ಗೊತ್ತು, ಬಣ್ಣ ಗೊತ್ತಿಲ್ಲ. ಅದಕ್ಕೆ ಸೆನ್ಸರಿನಲ್ಲಿರೋ ಒಂದೊಂದು ಚುಕ್ಕೆಯ ಮೇಲೂ ಬಣ್ಣದ ಸೋಸುಪದರ ಕೂರಿಸಿರುತ್ತಾರೆ. ಸಾಮಾನ್ಯವಾಗಿ ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ ಇದಕ್ಕೆ 1976ರಲ್ಲಿ ಪೇಟೆಂಟ್ ಪಡೆದರು. ಒಂದು ಚುಕ್ಕೆಗೆ ಸಿಗದ ಎರಡು ಬಣ್ಣಗಳನ್ನು ಪಕ್ಕದ ಚುಕ್ಕೆಗಳನ್ನು ನೋಡಿ ಫೋನೇ ಲೆಕ್ಕ ಹಾಕಿ ತುಂಬುತ್ತೆ.

ಆಮೇಲೆ ಬೆಳಕು ಎಂಥದ್ದು ಅಂತಲೂ ಅದೇ ಊಹಿಸಬೇಕು. ನಮ್ಮ ಕಣ್ಣಿಗೆ ಬುರುಡೆ ಬಲ್ಬಿನ ಕೆಳಗೂ ಮಲ್ಲಿಗೆ ಬಿಳಿಯಾಗೇ ಕಾಣುತ್ತೆ. ಫೋನಿಗೆ ಹಾಗಲ್ಲ. ಬುರುಡೆ ಬಲ್ಬಿನ ಬೆಳಕು 2700 ಕೆಲ್ವಿನ್ ಆಸುಪಾಸು, ಹಳದಿ. ನಡುಮಧ್ಯಾಹ್ನದ ಬಿಸಿಲು ಸುಮಾರು 5500. ಬರೀ ಆಕಾಶದ ಬೆಳಕು ಬೀಳುವ ನೆರಳು 7000 ದಾಟಿ ನೀಲಿಗೆ ತಿರುಗುತ್ತೆ. ಇದನ್ನು ಸರಿದೂಗಿಸೋದಕ್ಕೇ ವೈಟ್ ಬ್ಯಾಲೆನ್ಸ್ ಅನ್ನೋದು. ಫೋಟೊ ತುಂಬ ಒಂದೇ ಕೆಂಪು ಸೀರೆ ಹರಡಿದರೆ, ಇಷ್ಟು ಕೆಂಪು ಬೆಳಕಿನದ್ದೇ ಇರಬೇಕು ಅಂದುಕೊಂಡು ಫೋನು ಕೆಂಪನ್ನು ತಗ್ಗಿಸಿಬಿಡೋದುಂಟು. ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗೋದು ಹೀಗೆ. ಪಾಪ, ನೇಯ್ದವರು ಏನನ್ನೂ ಮುಟ್ಟಿರಲ್ಲ.

ಬಟ್ಟೆಯ ಕೆಂಪು ಕ್ಯಾಮೆರಾಕ್ಕೆ ಮೊದಲಿಂದಲೂ ಕಷ್ಟವೇ. 1861ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಬಣ್ಣದ ಫೋಟೊ ಅಂತ ಮೊದಲು ತೋರಿಸಿದ್ದು ಒಂದು ಬಟ್ಟೆಯನ್ನೇ, ಚೌಕುಳಿ ರಿಬ್ಬನ್ನು. ಕೆಂಪು, ಹಸಿರು, ನೀಲಿ ಸೋಸುಪದರದ ಮೂಲಕ ಬೇರೆಬೇರೆ ತೆಗೆಸಿ, ಮೂರನ್ನೂ ಪರದೆ ಮೇಲೆ ಒಂದರ ಮೇಲೊಂದು ಕೂಡಿಸಿದರು. ಫೋಟೊ ಹಿಡಿಯೋ ಆಗಿನ ಗಾಜಿನ ಪ್ಲೇಟುಗಳಿಗೆ ಕೆಂಪು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಆದರೂ ಕೆಂಪು ಮೂಡಿತು! ಆ ಬಟ್ಟೆಯ ಕೆಂಪು ಭಾಗ ನಮ್ಮ ಕಣ್ಣಿಗೆ ಬೀಳದ ಅತಿನೇರಳೆ ಕಿರಣವನ್ನೂ ಪ್ರತಿಫಲಿಸುತ್ತಿತ್ತು, ಪ್ಲೇಟು ಹಿಡಿದಿದ್ದು ಅದನ್ನ ಅಂತ ನೂರು ವರ್ಷ ಆದಮೇಲೆ ತಿಳಿಯಿತು. ಅಕ್ಕನಿಗೆ ಈ ಕತೆ ಬಹಳ ಹಿಡಿಸಿತು.

ಇನ್ನು ನಮ್ಮೂರ ರೇಷ್ಮೆ ಸೀರೆ ಇದೆಯಲ್ಲ, ಅದರಲ್ಲಿ ಉದ್ದುದ್ದ ಹಾಸಿನ ಎಳೆಗೆ ಒಂದು ಬಣ್ಣ, ಅಡ್ಡಡ್ಡ ಹೊಕ್ಕಿನ ಎಳೆಗೆ ಇನ್ನೊಂದು ಹಾಕಿದ್ದರೆ ಕ್ಯಾಮೆರಾ ಸೋತೇ ಹೋಗುತ್ತೆ. ಹಾಸು ನೀಲಿ, ಹೊಕ್ಕು ಹಸಿರು ಅಂತಿಟ್ಟುಕೊಳ್ಳಿ. ಲಾಳಿ ಒಂದೊಂದು ಸಲ ಹಾದಾಗಲೂ ಹಸಿರು ಎಳೆ ನೀಲಿಯ ಕೆಳಗೆ ಮೇಲೆ ನುಸುಳಿ ಕೂರುತ್ತೆ. ಎದುರಿಂದ ನೋಡಿದರೆ ನೀಲಿ, ಓರೆಯಿಂದ ನೋಡಿದರೆ ಹಸಿರು, ನೆರಿಗೆ ಹಿಡಿದರೆ ಎರಡೂ ಅಲೆಅಲೆಯಾಗಿ ಓಡುತ್ತವೆ. ನವಿಲು ಕತ್ತಿನ ಬಣ್ಣ ಅನ್ನೋದು ಇದಕ್ಕೇ. ಒಂದೇ ಫೋಟೊದಲ್ಲಿ ಅದನ್ನು ಹಿಡಿಯೋದು ಆಗದ ಮಾತು. ಬಣ್ಣ ಗಾಢವಾಗಲಿ ಅಂತ ಸ್ಯಾಚುರೇಷನ್ ಏರಿಸಿದರೆ ಇನ್ನೂ ಕೆಡುತ್ತೆ. ಒಂದೊಂದು ಬಣ್ಣಕ್ಕೂ ಮಾಮೂಲಿ ಫೋಟೊದಲ್ಲಿ 256 ಮೆಟ್ಟಿಲು ಮಾತ್ರ. ಮೇಲಿನ ಮೆಟ್ಟಿಲಿಗೆ ಮುಟ್ಟಿದ ಮೇಲೆ ಎಳೆ, ನೆರಿಗೆ, ಬುಟ್ಟಾ ಎಲ್ಲ ಒಂದೇ ಬಣ್ಣದ ಮುದ್ದೆ. ರಾಣಿ ಪಿಂಕಿನ ಸೀರೆ ಫೋಟೊದಲ್ಲಿ ಪ್ಲಾಸ್ಟಿಕ್ಕಿನ ಹಾಗೆ ಹೊಳೆಯೋದಕ್ಕೆ ಇದೇ ಕಾರಣ.

ಹಾಗಾದರೆ ತಿದ್ದಬಾರದಾ? ತಿದ್ದಲೇಬೇಕು. ಫೋನು ತಪ್ಪಾಗಿ ಊಹಿಸಿದ್ದನ್ನು ಸರಿ ಮಾಡೋದು ಸುಳ್ಳಲ್ಲ. 1990ರಲ್ಲಿ ಫೋಟೊಶಾಪ್ ಬಂದಾಗ ಇದಕ್ಕೆ ಕಂಪ್ಯೂಟರೇ ಬೇಕಿತ್ತು. ಈಗ ಸ್ನ್ಯಾಪ್‌ಸೀಡ್ ಅನ್ನೋ ಆ್ಯಪ್ ಫೋನಿಗೇ ಪುಕ್ಕಟೆ ಸಿಗುತ್ತೆ. ಹೂಬತ್ತಿ ಹೊಸೆಯೋ ಹತ್ತಿ ಪ್ರತಿ ಮನೆಯಲ್ಲೂ ಇರುತ್ತಲ್ಲ, ಅದರಲ್ಲೊಂದು ಉಂಡೆ ಮಾಡಿ ಸೀರೆಯ ಮೂಲೆಯಲ್ಲಿಟ್ಟು ಫೋಟೊ ತೆಗೆಯಿರಿ. ಆಮೇಲೆ ವೈಟ್ ಬ್ಯಾಲೆನ್ಸಿಗೆ ಹೋಗಿ, ಅಲ್ಲಿರೋ ಪಿಚಕಾರಿಯಂಥ ಗುರುತನ್ನು ಒತ್ತಿ, ಆ ಹತ್ತಿಯ ಮೇಲೆ ತಂದು ಬಿಡಿ. ಹತ್ತಿ ಬಿಳಿಯಾದರೆ ಸೀರೆಯ ಬಣ್ಣವೂ ಹೆಚ್ಚುಕಡಿಮೆ ಜಾಗಕ್ಕೆ ಬರುತ್ತೆ. ಬಿಳಿ ಪಂಚೆ ಇಡಬೇಡಿ, ಒಗೆಯುವಾಗ ನೀಲಿ ಅದ್ದಿರುತ್ತೀರಿ, ಅದು ದಾರಿ ತಪ್ಪಿಸುತ್ತೆ. ಕೊನೆಗೆ ಸೀರೆಯನ್ನು ಹಗಲು ಬೆಳಕಲ್ಲಿ ಫೋನಿನ ಪಕ್ಕ ಹಿಡಿದು ನೋಡಿ. ತಿದ್ದೋದು ಕೈಯಲ್ಲಿರೋ ಸೀರೆಯ ಕಡೆಗೆ ಹೋಗಬೇಕೇ ಹೊರತು ಕಣ್ಣು ಕುಕ್ಕುವ ಕಡೆಗಲ್ಲ.

ಮದುವೆ ಆಲ್ಬಮ್ಮಿನ ವಿಷಯಕ್ಕೂ ಇದೇ ಮಾತು. ನಮ್ಮ ಮೈಬಣ್ಣ ಕಂಪ್ಯೂಟರಿನ ಲೆಕ್ಕದಲ್ಲಿ ಕಿತ್ತಳೆಯ ಮನೆಗೆ ಸೇರುತ್ತೆ. ಹುಡುಗಿಯನ್ನು ಬೆಳ್ಳಗೆ ಮಾಡಬೇಕು ಅಂತ ಕಿತ್ತಳೆಯ ಸ್ಲೈಡರ್ ಎಳೆದರೆ ಜರಿ ಅಂಚೂ ಅದರ ಜೊತೆಗೇ ಪೇಲವವಾಗುತ್ತೆ, ಕೆನ್ನೆಯ ಅರಿಶಿನವೂ ಹೋಗುತ್ತೆ. ಕಪ್ಪಗಿನ ಹುಡುಗಿಯನ್ನು ಅವಳದೇ ಬಣ್ಣದಲ್ಲಿ ಅಂದವಾಗಿ ತೋರಿಸೋ ಫೋಟೊಗ್ರಾಫರ್ ನಿಜವಾದ ಕಸುಬುದಾರ. ಅಂಥವರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಕೊಳ್ಳುವವರ ಫೋನಿನ ತಪ್ಪೂ ಇರುತ್ತೆ. ಅಕ್ಕನ ಫೋನಿನಲ್ಲಿ ಕಣ್ಣಿಗೆ ತಂಪು ಅಂತ ರಾತ್ರಿ ಹಾಕೋ ಹಳದಿ ಬೆಳಕು ಹಗಲಲ್ಲೂ ಹಾಗೇ ಇತ್ತು. ಅದನ್ನು ತೆಗೆದ ತಕ್ಷಣ ಆ ಸೀರೆ ಕಂದಿನಿಂದ ಬದನೆಕಾಯಿ ಬಣ್ಣಕ್ಕೆ ಬಂತು.

ಸೀರೆ ಮಾರುವವರಲ್ಲಿ ನನ್ನದೊಂದು ಕೋರಿಕೆ: ಟ್ಯೂಬ್‌ಲೈಟಿನ ಕೆಳಗಿನದೊಂದು, ಬಾಗಿಲ ಹಗಲು ಬೆಳಕಿನದೊಂದು, ಎರಡು ಫೋಟೊ ಕಳಿಸಿ. ಎರಡು ಬಣ್ಣದ ಸೀರೆಯಾದರೆ ನೆರಿಗೆ ಹಿಡಿದು ಅಲುಗಿಸೋ ಒಂದು ಸಣ್ಣ ವಿಡಿಯೊ ಸೇರಿಸಿ, ಹಾಸು ಯಾವ ಬಣ್ಣ, ಹೊಕ್ಕು ಯಾವ ಬಣ್ಣ ಅಂತ ಕೆಳಗೆ ಬರೆದುಬಿಡಿ. ಕೊಳ್ಳುವವರು ದುಡ್ಡು ಹಾಕುವ ಮುಂಚೆ ಇದಿಷ್ಟನ್ನೂ ಕೇಳಿ ತರಿಸಿಕೊಳ್ಳಿ.