ಎಂತ ಇಲ್ಲ

ಪೊಳಲಿ ಜಾತ್ರೆಗೆ ಹೋಗಿ ಬಚ್ಚಂಗಾಯಿ ತಾರದೆ ಬಂದವನು ಜಾತ್ರೆಗೆ ಹೋದ ಲೆಕ್ಕವೇ ಅಲ್ಲ ಎಂಬುದು ನಮ್ಮಮ್ಮನ ತೀರ್ಪು. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ: ಬಚ್ಚಂಗಾಯಿ ಎಂದರೆ ಕಲ್ಲಂಗಡಿ. ಬೆಂಗಳೂರಿನಲ್ಲಿ ನನ್ನ ಮನೆಯ ಮುಂದೆಯೇ ತಳ್ಳುಗಾಡಿಯಲ್ಲಿ ಸಿಗುತ್ತದಲ್ಲ ಎಂದು ವಾದಿಸಿ ಇಪ್ಪತ್ತು ವರ್ಷದಿಂದ ಸೋತಿದ್ದೇನೆ. "ಅದು ಹಣ್ಣು, ಇದು ಪ್ರಸಾದ" ಎಂದುಬಿಟ್ಟರೆ ಮುಂದೆ ಎಂತ ಹೇಳುವುದು?

ಹೋದ ವರ್ಷವೂ ಒಂದನ್ನು ಬೈರಾಸಿನಲ್ಲಿ ಕಟ್ಟಿಕೊಂಡು ಬಿ.ಸಿ.ರೋಡಿನಲ್ಲಿ ರಾತ್ರಿ ಬಸ್ಸು ಹತ್ತಿದೆ. ಸೀಟಿನಡಿ ಇಟ್ಟು ಮಲಗಿದೆ. ಗುಂಡ್ಯ ದಾಟಿ ಬಸ್ಸು ಶಿರಾಡಿ ಏರುವಾಗ ಗಂಟು ಸಡಿಲಾಗಿರಬೇಕು. ಸಕಲೇಶಪುರದಲ್ಲಿ ಚಹಾಕ್ಕೆ ನಿಂತಾಗ ಬಗ್ಗಿ ನೋಡಿದರೆ ಬೈರಾಸು ಮಾತ್ರ ಉಂಟು. ಮೊಬೈಲಿನ ಟಾರ್ಚು ಹಿಡಿದು, ಜೋಡಿ ತಪ್ಪಿದ ಚಪ್ಪಲಿ, ನೀರಿನ ಬಾಟಲಿ, ಯಾರದೋ ಹಲಸಿನ ಹಪ್ಪಳದ ಕಟ್ಟು ಎಲ್ಲ ದಾಟುತ್ತಾ ಹಿಂದೆ ಹೋದೆ. ಕಟ್ಟಕಡೆಯ ಸೀಟಿನಲ್ಲಿ ಮಹನೀಯರೊಬ್ಬರು ಎರಡೂ ಕಾಲು ಅದರ ಮೇಲಿಟ್ಟು ಗೊರಕೆ ಹೊಡೆಯುತ್ತಿದ್ದರು. ಪ್ರಸಾದದ ಮೇಲೆ ಕಾಲು! ಎಬ್ಬಿಸಿ ಹೇಳಿದರೆ, "ಅಯ್ಯೋ, ಬಸ್ಸಿನವರು ಇಟ್ಟದ್ದೆಂದು ಎಣಿಸಿದೆ ಮಾರ್ರೆ, ಒಳ್ಳೆ ಆರಾಮ ಇತ್ತು" ಎಂದರು. ಬೆಳಿಗ್ಗೆ ಅಮ್ಮ ಫೋನು ಮಾಡಿ, "ದಾರಿಯಲ್ಲಿ ಎಂತಾದರೂ ತೊಂದರೆ ಆಯಿತಾ?" ಎಂದು ಕೇಳಿದರು. "ಎಂತ ಇಲ್ಲಮ್ಮ" ಎಂದೆ.

ನಾನು ಹುಟ್ಟಿದ್ದು ಬಂಟ್ವಾಳ ತಾಲೂಕು, ಹೆಣ್ಣು ತಂದದ್ದು ಬೆಳ್ತಂಗಡಿ, ಅಕ್ಕನನ್ನು ಕೊಟ್ಟದ್ದು ಮೂಡುಬಿದಿರೆ. ಹಾಗಾಗಿ ಜನವರಿಯಿಂದ ಮೇ ತನಕ ಮೂರು ದಿಕ್ಕಿನಿಂದ ಆಮಂತ್ರಣ ಬರುತ್ತದೆ. ಒಂದು ಕಡೆ ಬ್ರಹ್ಮಕಲಶ, ಒಂದು ಕಡೆ ನೇಮ, ಇನ್ನೊಂದು ಕಡೆ ಭಾವನ ತಮ್ಮನ ಒಕ್ಕಲು. ಇಷ್ಟು ಸಾಲದೆಂದು 2024ರ ಫೆಬ್ರವರಿಯಲ್ಲಿ ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕವೂ ಬಂತು. "ಇದು ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ" ಎಂದು ರಜೆ ಕೇಳಿದರೆ ನಮ್ಮ ಮ್ಯಾನೇಜರು, "ಮುಂದಿನ ಸಲ ಹೋಗಿ" ಎಂದ. 1604ರಿಂದ ನಿಂತೇ ಇರುವ ಬಾಹುಬಲಿಗೆ ಕಾಯುವ ತಾಳ್ಮೆ ಇರಬಹುದು, ನನ್ನ ಹೆಂಡತಿಗೆ ಇಲ್ಲ. ಹೋಗಿ ಬಂದೆವು.

ಪೊಳಲಿಯ ರಜೆಯ ಕಥೆ ಇನ್ನೂ ಕಷ್ಟ. ಆ ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ, ಆದರೆ ಇಂತಿಷ್ಟೇ ದಿನ ಎಂದು ಮೊದಲೇ ಗೊತ್ತಿರುವುದಿಲ್ಲ. ಕೊಡಿ, ಎಂದರೆ ಧ್ವಜ, ಏರಿದ ಮೇಲೆ ಜೋಯಿಸರಲ್ಲಿ ಕೇಳಿ ದಿನ ಸಾರುತ್ತಾರೆ. ಐದು ದಿನದ ಚೆಂಡು, ರಥ ಎಲ್ಲ ಆ ಲೆಕ್ಕದ ಮೇಲೆ. ಆಡುವ ಚರ್ಮದ ಚೆಂಡು ಮೂಡುಬಿದಿರೆಯಲ್ಲಿ ತಯಾರಾಗಿ ಬರುತ್ತದೆ, ಇದು ನನ್ನ ಭಾವನ ಹೆಮ್ಮೆ. ಹೊಲಿದದ್ದು ತಾವೇ ಎಂಬ ಹಾಗೆ ಮಾತಾಡುತ್ತಾರೆ. ರಜೆಯ ಅರ್ಜಿಯಲ್ಲಿ ಮಾತ್ರ 'ಯಾವಾಗಿನಿಂದ, ಯಾವಾಗಿನವರೆಗೆ' ಎಂಬ ಎರಡು ಖಾನೆ ಉಂಟು. "ದೇವಿ ಇನ್ನೂ ತಿಳಿಸಿಲ್ಲ" ಎಂದು ತುಂಬಿಸಲಾಗುತ್ತದೆಯೇ?

ದಿನ ಸಿಕ್ಕಿದರೂ ದಾರಿ ಸಿಗಬೇಕಲ್ಲ. ನಮ್ಮ ಘಾಟಿಗಳು ನನಗಿಂತ ಹೆಚ್ಚು ರಜೆ ಹಾಕುತ್ತವೆ. 2018ರಲ್ಲಿ ಶಿರಾಡಿ ಕಾಂಕ್ರೀಟಿಗೆಂದು ಜನವರಿಯಿಂದ ಜುಲೈ ತನಕ ಮಲಗಿತು. ಎದ್ದು ಒಂದು ತಿಂಗಳಾಗುವಾಗ ಗುಡ್ಡ ಕುಸಿದು ಮತ್ತೆ ಮಲಗಿತು, ಸಂಪಾಜೆಯೂ ಜೊತೆಗೆ. ಮರುವರ್ಷ ಚಾರ್ಮಾಡಿಯ ಸರದಿ. ಈ ವಿಷಯದಲ್ಲಿ ಕಂಬಳದ ಕೋಣಗಳೇ ಪುಣ್ಯವಂತರು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಲಾರಿಯಲ್ಲಿ ಬಂದವು, ಹಾಸನದಲ್ಲಿ ವಿಶ್ರಾಂತಿ, ದಾರಿಯಲ್ಲಿ ಸ್ವಾಗತ. ನನಗೆ ಹಾಸನದಲ್ಲಿ ಯಾರೂ ಈವರೆಗೆ ಹಾರ ಹಾಕಿಲ್ಲ.

ಬೆಂಗಳೂರಿನವರಿಗೆ ಘಟ್ಟ ಇಳಿದ ಮೇಲೆ ಸಮುದ್ರದವರೆಗೆ ಎಲ್ಲ ಮಂಗಳೂರೇ. ನಮ್ಮೂರಿನ ಬಗ್ಗೆ ಆಫೀಸಿನವರು ಸಂತೋಷದಿಂದ ಕೇಳಿದ್ದು ನನಗೆ ನೆನಪಿರುವ ಹಾಗೆ ಒಂದೇ ಸಲ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ, ಮೂಡುಬಿದಿರೆ ಕಡೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು, ಉಸೇನ್ ಬೋಲ್ಟನ ಪಕ್ಕ ಫೋಟೋ ಬಂತು. ಗೌಡರೇ, ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲಬೆರಳಿನ ಕೆಲಸ, ಎರಡೂ ಒಂದಲ್ಲ ಎಂದು ಹೇಳಿ ಕೈಮುಗಿದರು. ಒಂದು ವಾರ ಆಫೀಸಿನಲ್ಲಿ ನನಗೂ ಮರ್ಯಾದೆ ಸಿಕ್ಕಿತು.

ಉಳಿದಂತೆ ಅವರು ಕೇಳುವುದು, "ಏನ್ ಸಾರ್, ನಿಮ್ ಕಡೆ ಮತ್ತೆ ಗಲಾಟೆಯಂತೆ?" ಎಂದು. ನಾನು ಕೂಡಲೇ ಮನೆಗೆ ಫೋನು ಮಾಡುತ್ತೇನೆ. ಟೀವಿಯಲ್ಲಿ ಕೆಂಪು ಅಕ್ಷರ ಓಡುತ್ತಿರುತ್ತದೆ, ಅಮ್ಮನ ಹಿಂದೆ ಗ್ರೈಂಡರು ತಿರುಗುತ್ತಿರುತ್ತದೆ. "ಎಂತ ಇಲ್ಲ ಮಗ. ಪತ್ರೊಡೆಗೆ ಅರೆಯುತ್ತಿದ್ದೇನೆ." ಟೀವಿಯನ್ನು ಬೈದು ನಾನು ನಿದ್ದೆ ಮಾಡುತ್ತೇನೆ.

ಆದರೆ ಈ 'ಎಂತ ಇಲ್ಲ'ದ ಒಳಗೆ ಎಷ್ಟು ಹಿಡಿಸುತ್ತದೆ ಎಂದು ಗೊತ್ತಾದದ್ದು 2019ರ ಆಗಸ್ಟಿನಲ್ಲಿ. ಚಾರ್ಮಾಡಿಯ ತಪ್ಪಲಿನಲ್ಲಿ ಹೊಳೆ ಉಕ್ಕಿದ ಸುದ್ದಿ ಬಂದು ಮಾವನಿಗೆ ಫೋನು ಮಾಡಿದರೆ, "ತೋಟಕ್ಕೆ ಸ್ವಲ್ಪ ನೀರು ಬಂದಿತ್ತು, ಎಂತ ಇಲ್ಲ ಭಾವ" ಎಂದರು. ಅಳಿಯನನ್ನು ಅವರು ಭಾವ ಎಂದರೆ ಮನಸ್ಸು ಸರಿಯಿಲ್ಲ ಎಂದು ಅರ್ಥ, ಅದು ಆಗ ನನಗೆ ಹೊಳೆಯಲಿಲ್ಲ. ಹೋಗಿ ನೋಡಿದರೆ ಅಡಿಕೆ ಮರಗಳು ಸೊಂಟದವರೆಗೆ ಮರಳಿನಲ್ಲಿ ನಿಂತಿವೆ, ನಡುವೆ ಕಾಡಿನಿಂದ ಬಂದ ದಿಮ್ಮಿಗಳು. ಪಂಪ್‌ಶೆಡ್ ಇದ್ದ ಜಾಗ ತೋರಿಸಲು ಮಾವ ಎರಡು ಸಲ ಯೋಚಿಸಬೇಕಾಯಿತು.

2022ರ ಜುಲೈ ಕೊನೆಯಲ್ಲಿ ಜಿಲ್ಲೆಯಲ್ಲಿ ಹತ್ತೇ ದಿನಕ್ಕೆ ಮೂರು ಕೊಲೆಯಾದಾಗಲೂ ಹೀಗೇ. "ಎಂತ ಇಲ್ಲ. ಸಂಜೆ ಆರಕ್ಕೆ ಅಂಗಡಿ ಬಂದ್, ಅಷ್ಟೆ. ಬೆಲ್ಲ ಮಧ್ಯಾಹ್ನವೇ ತಂದೆ." ಆಮೇಲೆ ಯಾರದೋ ಹೆಸರು ಹೇಳುವಾಗ ಅಮ್ಮ ಸ್ವರ ತಗ್ಗಿಸಿದರು. ಗುಡ್ಡದ ಆಚೆ ಬದಿಯ ದನವನ್ನು ಇಲ್ಲಿಂದಲೇ ಕರೆಯುವ ಸ್ವರ ಅವರದು. ಸ್ವಂತ ಅಡಿಗೆಮನೆಯಲ್ಲಿ, ಒಬ್ಬರೇ ಇರುವಾಗ, ಯಾರಿಗೆ ಕೇಳಬಾರದೆಂದು ತಗ್ಗಿಸಿದರೋ! ಟೀವಿಯವರ ಅಷ್ಟೂ ಕಿರುಚಾಟಕ್ಕಿಂತ ನನ್ನನ್ನು ಹೆದರಿಸಿದ್ದು ಅದು. ಈಗ ಫೋನಿನಲ್ಲಿ ನಾನು ಮಾತು ಕೇಳುವುದಿಲ್ಲ, ಸ್ವರ ಎಷ್ಟು ದೊಡ್ಡದುಂಟು ಎಂದು ನೋಡುತ್ತೇನೆ.

ನಿನ್ನೆ ದೊಡ್ಡದೇ ಇತ್ತು. ಮೊಬೈಲು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಈ ಸಲ ಎರಡು ಬಚ್ಚಂಗಾಯಿ ಕೊಂಡುಹೋಗು, ಒಂದು ನಿನ್ನ ಮ್ಯಾನೇಜರಿಗೆ" ಎಂದು ಅಪ್ಪಣೆಯಾಗಿದೆ. ಮೀನ ಸಂಕ್ರಮಣಕ್ಕೆ ಇನ್ನು ಮೂರು ವಾರ. ಕೊಡಿ ಏರದೆ ಟಿಕೆಟು ಮಾಡುವ ಹಾಗಿಲ್ಲ, ಬೈರಾಸು ಮಾತ್ರ ಎರಡು ಒಗೆದಿಟ್ಟಿದ್ದೇನೆ. ಏಪ್ರಿಲಿನಲ್ಲಿ ಬೆಂಗಳೂರಿನ ರಾತ್ರಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುವವರಲ್ಲಿ ಒಂದೇ ವಿನಂತಿ: ಕಾಲಿಗೆ ಗುಂಡಗೆ ಏನಾದರೂ ತಾಗಿದರೆ ಮೊದಲು ಟಾರ್ಚು ಹಾಕಿ ನೋಡಿ.