ಗೊತ್ತಾಗದ್ದೆಲ್ಲ ಪೂಜಾ ಸಾಮಗ್ರಿ

ಇಂಗ್ಲೆಂಡಿನಲ್ಲಿ ಕೊಯ್ಲು ಯಾವಾಗ ಮುಗಿಯುತ್ತದೋ ಎಂದು ರೈತನಿಗಿಂತ ಹೆಚ್ಚು ಆಸೆಯಿಂದ ಕಾಯುವ ಒಂದು ವರ್ಗದ ಜನರಿದ್ದಾರೆ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೊಂದು ತಟ್ಟೆ, ಸೊಂಟದಲ್ಲಿ ಪುಟ್ಟ ಸಲಿಕೆ. ಹೊಲದ ಯಜಮಾನನ ಅಪ್ಪಣೆ ಪಡೆದು, ಕೂಳೆಗಳ ನಡುವೆ ತಟ್ಟೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ದಿನವಿಡೀ ನಡೆಯುತ್ತಾರೆ. ತಟ್ಟೆಯೊಳಗಿನ ತಂತಿಯ ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಬಿಡುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿ ಎದ್ದು ಯಂತ್ರ ಕುಂಯ್ ಎನ್ನುತ್ತದೆ. ಆದರೆ ಆ ಯಂತ್ರಕ್ಕೆ ಮರ್ಯಾದೆಯ ತಾರತಮ್ಯ ಅಷ್ಟಾಗಿ ತಿಳಿಯದು. ರೋಮನ್ ಚಕ್ರವರ್ತಿಗೂ ಕುಂಯ್, ಕೋಕಾಕೋಲಾ ಡಬ್ಬಿಯ ಉಂಗುರಕ್ಕೂ ಕುಂಯ್. ಈ ಹವ್ಯಾಸದ ಬಹುಪಾಲು ಹೊತ್ತು ಉಂಗುರ ಹೆಕ್ಕುವುದರಲ್ಲೇ ಹೋಗುತ್ತದೆ.

ಚಿನ್ನ ಸಿಕ್ಕರೆ ಕಷ್ಟವೇ ಇಲ್ಲ, ಅದು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ. ಮಜಾ ಇರುವುದು ‘ಇದೇನಪ್ಪಾ?’ ಎನಿಸುವ ವಸ್ತುಗಳಲ್ಲಿ. ಹಸಿರು ಕಿಲುಬು ಹಿಡಿದಿದ್ದರೆ ತಾಮ್ರವೋ ಕಂಚೋ. ಗಾತ್ರಕ್ಕೆ ಮೀರಿದ ತೂಕವಿದ್ದು ಮೈಮೇಲೆ ಬಿಳಿ ಪುಡಿ ಕಟ್ಟಿದ್ದರೆ ಸೀಸ. ಸೀಸ ಗೋಲಿಯಂತೆ ದುಂಡಗಿದ್ದರೆ ಹಳೆಯ ಬಂದೂಕಿನ ಗುಂಡು ಇರಬಹುದು. ನಡುವೆ ತೂತಿದ್ದರೆ ನೂಲುವ ಕದಿರಿನ ಬಿಲ್ಲೆಯೋ, ಮೀನುಬಲೆಯ ಭಾರವೋ. ಅಚ್ಚು ಒತ್ತಿದ್ದರೆ ಬಟ್ಟೆಯ ಥಾನಿಗೆ ಕಟ್ಟುತ್ತಿದ್ದ ಮುದ್ರೆ. ಹಳದಿಯಾಗಿ ಹೊಳೆಯುವ ತೆಳ್ಳನೆಯ ಬಿಲ್ಲೆ ಬಂದಾಗ ಎದೆ ಡವಗುಟ್ಟುತ್ತದೆ. ತೊಳೆದು ನೋಡಿದರೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ತಯಾರಾದ ಹಿತ್ತಾಳೆ. ಲೆಕ್ಕದ ಗುಮಾಸ್ತರು ಗೆರೆ ಎಳೆದ ಹಲಗೆಯ ಮೇಲೆ ಅತ್ತಿತ್ತ ಸರಿಸಿ ಕೂಡಿ ಕಳೆಯುತ್ತಿದ್ದ ಬಿಲ್ಲೆ ಅದು.

ಹೀಗೆ ಸಿಕ್ಕಿದ್ದನ್ನು ಗುರುತಿಸಿ ದಾಖಲಿಸಲೆಂದೇ ಅಲ್ಲಿ 1997ರಿಂದ ಒಂದು ಸರ್ಕಾರಿ ಯೋಜನೆ ನಡೆಯುತ್ತಿದೆ. ಜಿಲ್ಲೆಗಳಲ್ಲಿ ಅದಕ್ಕೆಂದೇ ಅಧಿಕಾರಿಗಳು. ಜನ ಜೇಬಿನಿಂದ ಮಣ್ಣು ಮೆತ್ತಿದ ಪೊಟ್ಟಣ ತೆಗೆದು ಅವರ ಮೇಜಿನ ಮೇಲೆ ಸುರಿಯುತ್ತಾರೆ. ದಿನವಿಡೀ ಹಳೆಯ ಗುಂಡಿ, ಬಕಲ್ಲುಗಳನ್ನು ನೋಡಿಯೂ ಮುಖ ಸಿಂಡರಿಸದ ಸರ್ಕಾರಿ ನೌಕರರು ಜಗತ್ತಿನಲ್ಲಿದ್ದಾರೆ ಎಂಬುದೇ ನನಗೆ ಚಿನ್ನದ ನಿಧಿಗಿಂತ ದೊಡ್ಡ ಸೋಜಿಗ.

ಅಂಥವರನ್ನೂ ಸುಸ್ತು ಮಾಡಿದ ವಸ್ತುವೊಂದಿದೆ. ಕಂಚಿನದು, ಒಳಗೆ ಪೊಳ್ಳು. ಹನ್ನೆರಡು ಮುಖ, ಪ್ರತಿ ಮುಖಕ್ಕೂ ಐದು ಅಂಚು, ನಡುವೆ ಒಂದೊಂದು ಗಾತ್ರದ ದುಂಡು ತೂತು, ಮೂಲೆ ಮೂಲೆಗೂ ಪುಟ್ಟ ಗುಂಡು. ಅಂಗೈಯಲ್ಲಿ ಹಿಡಿಯಬಹುದು, ಏನು ಮಾಡಬೇಕೆಂದು ಮಾತ್ರ ತಿಳಿಯುವುದಿಲ್ಲ. ರೋಮನ್ನರ ಕಾಲದ ಇಂಥವು ಬ್ರಿಟನ್, ಫ್ರಾನ್ಸ್, ಜರ್ಮನಿಗಳಲ್ಲಿ ನೂರಕ್ಕೂ ಹೆಚ್ಚು ಸಿಕ್ಕಿವೆ, ಇಟಲಿಯಲ್ಲಿ ಸಿಕ್ಕಿಲ್ಲ. 2023ರಲ್ಲಿ ಲಿಂಕನ್‌ಶೈರಿನ ನಾರ್ಟನ್ ಡಿಸ್ನಿ ಹಳ್ಳಿಯಲ್ಲಿ ಒಂದು ಮುಕ್ಕಾಗದೆ ಎದ್ದು ಬಂತು. ಮೇಣದಬತ್ತಿಯ ಕಂಬ ಎಂದರು, ಭೂಮಾಪನದ ಸಾಧನ ಎಂದರು, ದಾಳ ಎಂದರು, ಕೈಗವಸು ಹೆಣೆಯುವ ಅಚ್ಚು ಎಂದೂ ಹೇಳಿ ಹೆಣೆದೇ ತೋರಿಸಿದರು. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಕಟ್ಟೆಗೆ: ಯಾವುದೋ ಪೂಜಾ ಸಾಮಗ್ರಿ ಇರಬೇಕು. ಉಪಯೋಗ ಗೊತ್ತಾಗದ್ದೆಲ್ಲ ದೇವರ ಲೆಕ್ಕಕ್ಕೆ. ಪುರಾತತ್ತ್ವಜ್ಞರು ತಮ್ಮನ್ನು ತಾವೇ ಹೀಗೆ ಗೇಲಿ ಮಾಡಿಕೊಳ್ಳುವುದುಂಟು.

ನನಗನ್ನಿಸುವುದು ಬೇರೆ. ರೋಮನ್ನರು ಯುದ್ಧ ಬರೆದರು, ಭಾಷಣ ಬರೆದರು, ಅಡುಗೆಯನ್ನೂ ಬರೆದರು. ಈ ವಸ್ತುವಿನ ಬಗ್ಗೆ ಅವರದೊಂದು ಸಾಲೂ ಉಳಿದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ? ನಮ್ಮ ಚಕ್ಕುಲಿ ಒರಳನ್ನೇ ತೆಗೆದುಕೊಳ್ಳಿ. ಮರದ ಭಾಗವೆಲ್ಲ ಗೆದ್ದಲು ತಿಂದು, ನಕ್ಷತ್ರದ ತೂತಿರುವ ಹಿತ್ತಾಳೆ ಬಿಲ್ಲೆಯೊಂದೇ ಸಾವಿರ ವರ್ಷದ ನಂತರ ಸಿಕ್ಕಿತೆನ್ನಿ. ಕನ್ನಡಿಗರು ನಕ್ಷತ್ರಾರಾಧಕರಾಗಿದ್ದರು ಎಂದು ಪಿಎಚ್.ಡಿ. ಪ್ರಬಂಧ ಸಿದ್ಧ.

ಒಮ್ಮೊಮ್ಮೆ ವಸ್ತುವೇ ಬಾಯಿ ಬಿಡುವುದೂ ಉಂಟು. 1992ರ ನವೆಂಬರಿನಲ್ಲಿ ಸಫೋಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಹುಡುಕಿಕೊಡಲು ಎರಿಕ್ ಲಾಸ್ ಎಂಬ ಗೆಳೆಯ ತನ್ನ ಯಂತ್ರ ತಂದ. ಸಿಕ್ಕಿದ್ದು ಹದಿನಾಲ್ಕು ಸಾವಿರಕ್ಕೂ ಮೀರಿದ ರೋಮನ್ ನಾಣ್ಯಗಳು, ಜೊತೆಗೆ ಬೆಳ್ಳಿ ಚಮಚ, ಒಡವೆ. ಸುತ್ತಿಗೆಯೂ ಸಿಕ್ಕಿತು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದೃಷ್ಟ ಎಂದರೆ ಆ ಸುತ್ತಿಗೆಯದು. ಆ ರಾಶಿಯಲ್ಲಿ ಶ್ರೀಮಂತ ಹೆಂಗಸೊಬ್ಬಳ ಎದೆಮಟ್ಟದ ಪುಟ್ಟ ಬೆಳ್ಳಿ ಮೂರ್ತಿಯೂ ಇತ್ತು. ಮೇಲುನೋಟಕ್ಕೆ ಶೋಕೇಸಿನ ಗೊಂಬೆ. ತಿರುವಿ ನೋಡಿದರೆ ತಳದಲ್ಲಿ ತಿರುಗುವ ಬಿಲ್ಲೆ: ಒಂದು ಕಡೆ ತಿರುಗಿಸಿದರೆ ಮುಚ್ಚುತ್ತದೆ, ಇನ್ನೊಂದು ಕಡೆ ತುಂಬಲು ತೆರೆಯುತ್ತದೆ, ಮತ್ತೊಂದು ಕಡೆ ಉದುರಿಸಲು ಸಣ್ಣ ತೂತು ಬಿಡುತ್ತದೆ. ಮೆಣಸಿನ ಪುಡಿಯ ಡಬ್ಬಿ! ಕರಿಮೆಣಸು ಆಗ ರೋಮಿಗೆ ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ಸಾವಿರ ವರ್ಷ ದಾಟಿದ ಮೇಲೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದೂ ಇದೇ ಕಾಳಿನ ಮಹಿಮೆ.

ಇನ್ನೂ ಹತ್ತಿರದ ನೆಂಟಸ್ತಿಕೆಯೊಂದಿದೆ. ಬ್ರಿಟನ್ನಿನ ಹೊಲಗಳಲ್ಲಿ ಸಿಗುವ ರೋಮನ್ ಕಾಲದ ಸಾಮಾನುಗಳಲ್ಲಿ ಒಂದು ಬಳೆಗೆ ಪೋಣಿಸಿದ ಕಡ್ಡಿಗಳ ಗೊಂಚಲುಂಟು: ಚಿಮಟ, ಉಗುರಿನ ಕೊಳೆ ತೆಗೆಯುವ ಮೊನೆ, ತುದಿಯಲ್ಲಿ ಸಾಸಿವೆ ಹಿಡಿಯುವಷ್ಟೇ ಬಟ್ಟಲಿರುವ ಕಡ್ಡಿ. ಈ ಕೊನೆಯದನ್ನು ಕಂಡರೆ ನಮ್ಮ ಹಳ್ಳಿಯ ಯಾವ ಅಜ್ಜನೂ ಪೂಜಾ ಸಾಮಗ್ರಿ ಎನ್ನುತ್ತಿರಲಿಲ್ಲ. ಕಿವಿಯ ಗುಗ್ಗೆ ತೆಗೆಯುವ ಕಡ್ಡಿಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಓಡಾಡಿದವರು ಅವರು.

ನಮ್ಮಲ್ಲೂ ಯಂತ್ರ ಹಿಡಿದು ಹೊರಡೋಣ ಎಂದು ಯಾರಾದರೂ ಹುಮ್ಮಸ್ಸುಪಟ್ಟರೆ, ದಯವಿಟ್ಟು ಬೇಡ. ನಿಧಿಯಾಸೆಗೆ ಅಗೆದ ಗುಡಿಗಳು, ಕಿತ್ತ ವೀರಗಲ್ಲುಗಳು ಈಗಾಗಲೇ ಸಾಕಷ್ಟಿವೆ. ಬೇಕಾದರೆ ಅಟ್ಟ ಹತ್ತಿ. ಅಲ್ಲಿರುವ ಹಿತ್ತಾಳೆ, ಕಬ್ಬಿಣದ ಸಾಮಾನುಗಳನ್ನು ಕೆಳಗಿಳಿಸಿ, ಅಜ್ಜಿ ಇರುವಾಗಲೇ ಒಂದೊಂದೂ ಏತಕ್ಕೆಂದು ಕೇಳಿ, ಚೀಟಿ ಬರೆದು ದಾರದಲ್ಲಿ ಕಟ್ಟಿಡಿ. ಚಕ್ಕುಲಿಯ ಬಿಲ್ಲೆಗೆ ಮೊದಲು ಕಟ್ಟಿ.